ಬಂಡಾಯದ ಕಥೆ, ಪ್ರಾಯೋಜಕರು ಎನರ್ಜಿ ಡ್ರಿಂಕ್‌ನವರು

ಸ್ನೋಬೋರ್ಡಿಂಗ್ ಬಗ್ಗೆ ಬಂದಿರುವ ಡಾಕ್ಯುಮೆಂಟರಿಗಳಲ್ಲಿ ಒಂದು ನಾಲ್ಕೈದು ನೋಡಿದರೆ ಸಾಕು, ಆರನೆಯದನ್ನು ನೀವೇ ಎಡಿಟ್ ಮಾಡಬಹುದು. ರೆಸಿಪಿ ಅಷ್ಟು ಸುಲಭ. ಮೊದಲಿಗೆ ಹೆಲಿಕಾಪ್ಟರಿನಿಂದ ತೆಗೆದ, ಮನುಷ್ಯರೇ ಇಲ್ಲದ ಬಿಳೀ ಬೆಟ್ಟ. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಬ್ಬ ಹುಡುಗ. ಅವನು ಜಾರುತ್ತಾನೆ, ಸಂಗೀತ ನಿಲ್ಲುತ್ತದೆ, ಬರೀ ಉಸಿರಾಟದ ಸದ್ದು. ಆಮೇಲೆ ಬಣ್ಣ ಮಾಸಿದ ಹಳೇ ಫಿಲ್ಮ್ ತುಣುಕುಗಳು. ತಲೆ ನರೆತ ಒಂದಿಬ್ಬರು ಕುರ್ಚಿಯಲ್ಲಿ ಕೂತು, ಆ ಕಾಲದಲ್ಲಿ ನಮ್ಮನ್ನು ಯಾವ ಬೆಟ್ಟಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ ಅಂತ ನಗುತ್ತಾ ಹೇಳುತ್ತಾರೆ. ಪಂಕ್ ಸಂಗೀತ. ಉದ್ದ ಕೂದಲಿನ, ದೊಗಳೆ ಪ್ಯಾಂಟಿನ ಹುಡುಗರು. ಆಮೇಲೆ ಒಲಿಂಪಿಕ್ಸ್, ಚಿನ್ನದ ಪದಕ, ಜನಜಂಗುಳಿ. ಬಂಡಾಯ ಗೆದ್ದಿತು. ಶುಭಂ. ಕಡೆಗೆ ಒಂದು ಪಾನೀಯದ ಲಾಂಛನ.

ನನ್ನ ತಕರಾರು ಇರುವುದು ಆ ಕೊನೆಯ ಲಾಂಛನದ ಬಗ್ಗೆ.

ನಮಗ್ಯಾಕಪ್ಪಾ ಇದು, ನಮ್ಮೂರಲ್ಲಿ ಬೀಳೋದು ಮಳೆ ಮಾತ್ರ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಈಗೀಗ ನಮ್ಮ ಬೆಂಗಳೂರಿನ ಆಫೀಸುಗಳಲ್ಲೂ ಜನವರಿ ಬಂದರೆ ಗುಲ್ಮಾರ್ಗ್, ಔಲಿ ಅಂತ ರಜೆ ಹಾಕಿ ಹೊರಡುವವರು ಹುಟ್ಟಿಕೊಂಡಿದ್ದಾರೆ. ಹೋಗುವ ಮುಂಚೆ ಅವರು ನೋಡುವುದು ಇವೇ ಡಾಕ್ಯುಮೆಂಟರಿಗಳನ್ನು. ಬಂದ ಮೇಲೆ ಆ ಆಟದ "ಇತಿಹಾಸ" ಅಂತ ಊಟದ ಟೇಬಲ್ಲಿನಲ್ಲಿ ನಮಗೆ ಒಪ್ಪಿಸುವುದೂ ಇವುಗಳಲ್ಲಿ ಕೇಳಿದ್ದನ್ನೇ. ಆ ಪುರಾಣ ಕೇಳೀ ಕೇಳೀ ಸಾಕಾಗಿ, ಆಧಾರ ಹುಡುಕಿ ಓದಲು ಶುರು ಮಾಡಿದವನು ನಾನು. ಓದಿದಷ್ಟೂ ಸಿಟ್ಟು ಜಾಸ್ತಿಯಾಯಿತು, ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಎರಡೇ ಸಾಲು. ಸ್ಕೀಯಿಂಗ್‌ನಲ್ಲಿ ಒಂದೊಂದು ಕಾಲಿಗೆ ಒಂದೊಂದು ಉದ್ದನೆಯ ಪಟ್ಟಿ, ಕೈಯಲ್ಲಿ ಎರಡು ಕೋಲು. ಸ್ನೋಬೋರ್ಡಿನಲ್ಲಿ ಎರಡೂ ಕಾಲಿಗೆ ಸೇರಿ ಒಂದೇ ಹಲಗೆ. ಅದರ ಮೇಲೆ ಅಡ್ಡಕ್ಕೆ ನಿಂತು ಜಾರುವುದು, ಕೋಲು ಇಲ್ಲ.

ದುಡ್ಡು ಹಾಕಿದವರು ಯಾರು?

ಮೊದಲು ಮೂರು ಸಿನಿಮಾ ತಗೊಳ್ಳೋಣ. 2005ರಲ್ಲಿ ಬಂದ 'ಫಸ್ಟ್ ಡಿಸೆಂಟ್'. ಅಲಾಸ್ಕಾದ ಬೆಟ್ಟಗಳಲ್ಲಿ ಶಾನ್ ಫಾರ್ಮರ್, ನಿಕ್ ಪೆರಾಟಾ, ನಾರ್ವೆಯ ಟೆರ್ಯೆ ಹಾಕನ್‌ಸನ್‌ನಂಥ ಹಳಬರ ಜೊತೆ ಶಾನ್ ವೈಟ್, ಹ್ಯಾನಾ ಟೀಟರ್ ಥರದ ಹೊಸಬರು. ನಡುನಡುವೆ ಆಟದ ಇತಿಹಾಸ. ತಯಾರಿಸಿದ ಸಂಸ್ಥೆಯ ಹೆಸರು ಎಂಡಿ ಫಿಲ್ಮ್ಸ್. ಎಂಡಿ ಅಂದರೆ ಮೌಂಟನ್ ಡ್ಯೂ, ಪೆಪ್ಸಿಯವರದ್ದು. ನಿರೂಪಣೆಯ ದನಿ ಹೆನ್ರಿ ರೋಲಿನ್ಸ್‌ನದು. ಆತ ಬ್ಲ್ಯಾಕ್ ಫ್ಲ್ಯಾಗ್ ಎಂಬ ಪಂಕ್ ತಂಡದ ಹಾಡುಗಾರನಾಗಿದ್ದವನು. ಅಂದರೆ ಪಂಕ್ ಗಾಯಕನ ಗಂಟಲಿನಿಂದ ತಂಪು ಪಾನೀಯದ ಕಂಪನಿ ನಮಗೆ ಬಂಡಾಯದ ಪಾಠ ಹೇಳಿಸಿತು :)

ಎರಡನೆಯದು 2011ರ 'ದ ಆರ್ಟ್ ಆಫ್ ಫ್ಲೈಟ್'. ಟ್ರಾವಿಸ್ ರೈಸ್ ನಾಯಕ, ಕರ್ಟ್ ಮಾರ್ಗನ್ ನಿರ್ದೇಶಕ, ಹಿಂದೆ ರೆಡ್ ಬುಲ್ ಮೀಡಿಯಾ ಹೌಸ್. ಮೂರನೆಯದು 2013ರ 'ವೀ ರೈಡ್'. ಇದು ತನ್ನನ್ನು ತಾನೇ ಸ್ನೋಬೋರ್ಡಿಂಗ್‌ನ ಕಥೆ ಅಂತ ಕರೆದುಕೊಳ್ಳುತ್ತದೆ. ಇದನ್ನು ಅರ್ಪಿಸಿದ್ದು ಆಗ ಕೋಕಾ ಕೋಲಾ ಒಡೆತನದಲ್ಲಿದ್ದ ಬರ್ನ್ ಎನ್ನುವ ಎನರ್ಜಿ ಡ್ರಿಂಕ್.

ಮೂರು ಸಿನಿಮಾ, ಮೂರು ಡಬ್ಬಿ. ಒಂದು ಇಡೀ ಆಟದ ನೆನಪಿನ ಖಜಾನೆಯ ಬೀಗದಕೈ ಸಕ್ಕರೆ ಮತ್ತು ಕೆಫೀನ್ ಮಾರುವವರ ಜೇಬಿನಲ್ಲಿದೆ. ಇದನ್ನು ಪಿತೂರಿ ಅಂತ ನಾನು ಹೇಳುತ್ತಿಲ್ಲ. ಪಿತೂರಿ ಬೇಕಾಗಿಯೇ ಇಲ್ಲ. ಯಾರೂ ಎಡಿಟರ್‌ಗೆ ಫೋನ್ ಮಾಡಿ ಇದನ್ನು ತೆಗೆ, ಅದನ್ನು ಹಾಕು ಅನ್ನಬೇಕಿಲ್ಲ. ಯುವಕ, ಧೈರ್ಯ, ಬಂಡಾಯ, ಆಕಾಶ, ಇಷ್ಟಿದ್ದರೆ ಡಬ್ಬಿ ಖರ್ಚಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆಸ್ಪತ್ರೆ ಬಿಲ್ಲು, ಕೋರ್ಟಿನ ತೀರ್ಪು, ಮುಚ್ಚಿಹೋದ ಸಂಘಟನೆ, ಇವಿದ್ದರೆ ಖರ್ಚಾಗುವುದಿಲ್ಲ ಅನ್ನುವುದೂ ಗೊತ್ತು. ಕಥೆ ತನ್ನಷ್ಟಕ್ಕೇ ಆ ಕಡೆ ವಾಲುತ್ತದೆ, ಇಳಿಜಾರಿನಲ್ಲಿ ನೀರು ಹರಿದ ಹಾಗೆ.

ಹುಟ್ಟಿದ್ದು ಎಷ್ಟು ಜನರ ಕೈಯಲ್ಲಿ?

ಪ್ರತಿ ಕಥೆಗೂ ಒಬ್ಬ ಮೂಲಪುರುಷ ಬೇಕು. ಇಲ್ಲಿ ಆ ಕುರ್ಚಿಗೆ ಸಾಮಾನ್ಯವಾಗಿ ಕೂರಿಸುವುದು ಜೇಕ್ ಬರ್ಟನ್ ಕಾರ್ಪೆಂಟರ್‌ನನ್ನು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ 1977ರಲ್ಲಿ ಹಲಗೆ ಮಾಡುವ ಕಂಪನಿ ಶುರು ಮಾಡಿ, ಅದನ್ನು ಜಗತ್ತಿನ ಅತಿ ದೊಡ್ಡ ಸ್ನೋಬೋರ್ಡ್ ಕಂಪನಿಯಾಗಿ ಬೆಳೆಸಿದವನು. 2019ರಲ್ಲಿ ತೀರಿಕೊಂಡ. 2021ರಲ್ಲಿ ಎಚ್‌ಬಿಒದಲ್ಲಿ 'ಡಿಯರ್ ರೈಡರ್' ಅಂತ ಅವನ ಮೇಲೆ ಡಾಕ್ಯುಮೆಂಟರಿಯೂ ಬಂತು. ಒಬ್ಬ ಮನುಷ್ಯನ ಬದುಕು, ಕಾಯಿಲೆ, ಸಾವಿನ ಬಗ್ಗೆ ಅದು ಮನ ಮುಟ್ಟುವ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಂಪನಿಯ ಸ್ಥಾಪಕನ ಜೀವನಚರಿತ್ರೆಯನ್ನೇ ಒಂದು ಆಟದ ಚರಿತ್ರೆ ಅಂತ ಜನ ನೋಡಲು ಶುರು ಮಾಡಿದರೆ ಅಲ್ಲಿ ಎಡವಟ್ಟು.

ಯಾಕೆ ಅಂದರೆ, ಬರ್ಟನ್‌ಗೂ ಹನ್ನೆರಡು ವರ್ಷ ಮುಂಚೆ, 1965ರ ಕ್ರಿಸ್‌ಮಸ್ ದಿನ, ಮಿಶಿಗನ್ ರಾಜ್ಯದ ಮಸ್ಕೀಗನ್ ಊರಲ್ಲಿ ಶೆರ್ಮನ್ ಪಾಪೆನ್ ಎಂಬ ಎಂಜಿನಿಯರ್ ತನ್ನ ಹೆಣ್ಣುಮಕ್ಕಳಿಗೆ ಆಡಲು ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿದ. ಹಿಮ ಮತ್ತು ಸರ್ಫಿಂಗ್ ಎರಡಕ್ಕೂ ಇರುವ ಇಂಗ್ಲಿಷ್ ಪದಗಳನ್ನು ಬೆಸೆದು ಅವನ ಹೆಂಡತಿ ನ್ಯಾನ್ಸಿ ಅದಕ್ಕೆ 'ಸ್ನರ್ಫರ್' ಅಂತ ಹೆಸರಿಟ್ಟಳು. ಬೌಲಿಂಗ್ ಆಟದ ಸಾಮಾನಿಗೆ ಹೆಸರಾದ ಬ್ರನ್ಸ್‌ವಿಕ್ ಕಂಪನಿ ಅದರ ಹಕ್ಕು ತೆಗೆದುಕೊಂಡು ಲಕ್ಷಗಟ್ಟಲೆ ಮಾರಿತು. ಇಲ್ಲಿ ಸ್ವಲ್ಪ ನಿಲ್ಲಿ. ಬಂಡುಕೋರರ ಆಟ ಅಂತ ನಮಗೆ ತೋರಿಸುವುದರ ಮೊದಲ ಅಧ್ಯಾಯದಲ್ಲಿರುವುದು ಒಬ್ಬ ಅಪ್ಪ, ಒಬ್ಬ ಅಮ್ಮ, ಮಕ್ಕಳು ಮತ್ತು ಅಂಗಡಿಯಲ್ಲಿ ಸಿಗುವ ಒಂದು ಆಟಿಕೆ. ಇದರಲ್ಲಿ ಬಂಡಾಯ ಎಲ್ಲಿದೆ ಸ್ವಾಮೀ?

ಇನ್ನೂ ಹಿಂದಕ್ಕೆ ಹೋಗಿ. 1939ರಲ್ಲೇ ವರ್ನ್ ವಿಕ್‌ಲಂಡ್ ಮತ್ತು ಬರ್ಗೆಸನ್ ಸೋದರರ ಹೆಸರಲ್ಲಿ ನಿಂತು ಜಾರುವ ಇಂಥದ್ದೇ ಹಲಗೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಅವರು ಜಾರುತ್ತಿರುವ ಆ ಕಾಲದ ಫಿಲ್ಮ್ ತುಣುಕೂ ಉಳಿದಿದೆ. ಇನ್ನೂ ಆಚೆಗೆ, ಟರ್ಕಿಯ ರೀಜೆ ಪ್ರಾಂತ್ಯದ ಪೆಟ್ರಾನ್ ಅನ್ನುವ ಬೆಟ್ಟದ ಹಳ್ಳಿಯಿದೆ. ಅಲ್ಲಿಯ ಜನ ಮರದ ಪಟ್ಟಿಗಳ ಹಲಗೆಯ ಮೇಲೆ ನಿಂತು, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು ಹಿಡಿದು ಇಳಿಯುತ್ತಾರೆ. ತಮ್ಮ ತಾತ ಮುತ್ತಾತಂದಿರ ಕಾಲದಿಂದಲೂ ಹೀಗೇ ಅನ್ನುತ್ತಾರೆ. ಜಪಾನಿನಲ್ಲಿ 1970ರ ದಶಕದಲ್ಲಿ ಶಿಂಜೋ ತನಾಕ ಸರ್ಫಿಂಗ್‌ನಿಂದ ಹೊರಟು ತನ್ನದೇ ದಾರಿಯಲ್ಲಿ ಹಿಮದ ಹಲಗೆಗೆ ಬಂದ. ಅದೇ ದಶಕದಲ್ಲಿ ಯೂಟಾದಲ್ಲಿ ಡಿಮಿಟ್ರಿಯೆ ಮಿಲೊವಿಚ್ ವಿಂಟರ್‌ಸ್ಟಿಕ್ ಎಂಬ ಹಲಗೆ ಮಾಡಿ, ಆಳವಾದ ಪುಡಿ ಹಿಮದಲ್ಲಿ ತೇಲುವುದು ಹೇಗೆಂದು ತೋರಿಸಿದ. ಇನ್ನು ಟಾಮ್ ಸಿಮ್ಸ್. 1963ರಲ್ಲಿ ನ್ಯೂಜರ್ಸಿಯ ಶಾಲೆಯ ಮರಗೆಲಸದ ಕ್ಲಾಸಿನಲ್ಲಿ ತಾನು ಇಂಥ ಹಲಗೆ ಮಾಡಿದ್ದೆ ಅಂತ ಹೇಳುತ್ತಿದ್ದವನು. 1985ರ ಜೇಮ್ಸ್ ಬಾಂಡ್ ಸಿನಿಮಾ 'ಎ ವ್ಯೂ ಟು ಎ ಕಿಲ್'ನಲ್ಲಿ ಹಿಮದ ಮೇಲೆ ಜಾರುವ ರೋಜರ್ ಮೂರ್‌ನನ್ನು ನೋಡಿದ್ದೀರಾ? ಅದು ರೋಜರ್ ಮೂರ್ ಅಲ್ಲ, ಸಿಮ್ಸ್.

ಇವರೆಲ್ಲ ಡಾಕ್ಯುಮೆಂಟರಿಗಳಲ್ಲಿ ಬರುವುದೇ ಇಲ್ಲ ಅಂತಲ್ಲ. ಪಾಪೆನ್, ಮಿಲೊವಿಚ್, ಸಿಮ್ಸ್ ಹೆಸರು ಬರುತ್ತವೆ. ಆದರೆ ಬರುವುದು ಪೀಠಿಕೆಯಾಗಿ. ನಾಟಕದಲ್ಲಿ ರಾಜ ಬರುವ ಮುಂಚೆ ಪರಾಕು ಹೇಳುವವರ ಹಾಗೆ. ಟರ್ಕಿಯ ಹಳ್ಳಿಯವರಿಗೆ ಆ ಪರಾಕಿನ ಭಾಗ್ಯವೂ ಅಪರೂಪ, ಎಲ್ಲೋ ಒಂದು ಚಿಕ್ಕ ಪ್ರವಾಸ ಚಿತ್ರದಲ್ಲಿ "ನೋಡಿ, ಎಂಥ ಸೋಜಿಗ!" ಅನ್ನುವ ಧಾಟಿಯಲ್ಲಿ ಬಂದರೆ ಬಂತು.

ನಮ್ಮ ಸಾಫ್ಟ್‌ವೇರ್ ಫೀಲ್ಡಿನವರಿಗೆ ಈ ವಾಸನೆ ತಕ್ಷಣ ಹತ್ತಬೇಕು. ಗ್ಯಾರೇಜು, ಒಬ್ಬ ಹಟಮಾರಿ ಹುಡುಗ, ಜಗತ್ತೇ ನಕ್ಕಿತು, ಅವನು ಮಾತ್ರ ಬಿಡಲಿಲ್ಲ. ಈ ಕಥೆಯನ್ನು ನಮಗೆ ಎಷ್ಟು ಕಂಪನಿಗಳು ಮಾರಿಲ್ಲ? ಯಾವುದೇ ಪ್ರಾಜೆಕ್ಟಿನ ಕೋಡಿನ ಚರಿತ್ರೆ ತೆರೆದು ನೋಡಿದರೆ ನಲವತ್ತು ಜನರ ಹೆಸರಿರುತ್ತದೆ. ಸ್ಟೇಜಿನ ಮೇಲೆ ಮಾತ್ರ ಕಪ್ಪು ಟೀ ಶರ್ಟಿನ ಒಬ್ಬನೇ. ಬರ್ಟನ್ ಬೇಡ ಅಂತ ನಾನು ಹೇಳುತ್ತಿಲ್ಲ. 1979ರಲ್ಲಿ ಮಿಶಿಗನ್‌ನ ಸ್ನರ್ಫರ್ ಸ್ಪರ್ಧೆಗೆ ಆತ ಕಾಲು ಬಿಗಿಯುವ ಪಟ್ಟಿ ಹಾಕಿದ ತನ್ನದೇ ಹಲಗೆ ಹಿಡಿದು ಬಂದಾಗ ಆಕ್ಷೇಪ ಎದ್ದು, ಅವನಿಗಾಗಿಯೇ ಬೇರೆ ವಿಭಾಗ ಮಾಡಬೇಕಾಯಿತು. ಆ ವಿಭಾಗದಲ್ಲಿ ಆತನೊಬ್ಬನೇ ಸ್ಪರ್ಧಿ, ಆತನೇ ಗೆದ್ದ :) ಎಷ್ಟು ಚೆಂದದ ಪ್ರಸಂಗ! ಆದರೆ ಇದರಲ್ಲಿ ಇನ್ನೊಂದು ವಿಷಯವೂ ಇದೆ. ಬರ್ಟನ್ ಬರುವ ಹೊತ್ತಿಗೆ ಅಲ್ಲಿ ಒಂದು ಸ್ಪರ್ಧೆ ಇತ್ತು, ಆಡುವ ಜನ ಇದ್ದರು, ನಿಯಮಗಳಿದ್ದವು. ಆತ ಶೂನ್ಯದಿಂದ ಸೃಷ್ಟಿಸಲಿಲ್ಲ. ಇದ್ದದ್ದನ್ನು ಮುಂದಕ್ಕೆ ತಳ್ಳಿದ. ಅದು ಸಣ್ಣ ಮಾತಲ್ಲ, ಆದರೆ ಅದು ಬೇರೆ ಮಾತು.

ಗೆದ್ದದ್ದು ಯಾರು?

ಈಗ ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಭಾಗಕ್ಕೆ ಬರುತ್ತೇನೆ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಬಹುಪಾಲು ಸ್ಕೀ ರೆಸಾರ್ಟುಗಳು ಸ್ನೋಬೋರ್ಡಿಗೆ ಬಾಗಿಲು ಹಾಕಿದ್ದವು, ನಿಜ. ವರ್ಮಾಂಟ್‌ನ ಸ್ಟ್ರ್ಯಾಟನ್ 1983ರಲ್ಲಿ ಬಾಗಿಲು ತೆರೆಯಿತು. ಆಮೇಲೆ ಒಂದೊಂದಾಗಿ ಉಳಿದವೂ ತೆರೆದವು. ಡಾಕ್ಯುಮೆಂಟರಿ ಇದನ್ನು ಹೇಳುವುದು ಕೋಟೆ ಕುಸಿದ ಹಾಗೆ. ಹುಡುಗರ ಹಟಕ್ಕೆ ದೊಡ್ಡವರು ಮಣಿದರು ಅಂತ. ಹುಡುಗರ ಹಟವೂ ಇತ್ತು, ಅಲ್ಲಗಳೆಯುವುದಿಲ್ಲ. ಆದರೆ ಆ ಹೊತ್ತಿಗೆ ಸ್ಕೀ ಗಿರಾಕಿಗಳ ಸಂಖ್ಯೆ ಬೆಳೆಯದೆ ನಿಂತಿತ್ತು, ರೆಸಾರ್ಟುಗಳಿಗೆ ಟಿಕೆಟ್ ಕೊಳ್ಳುವ ಹೊಸ ಹುಡುಗರು ಬೇಕಾಗಿದ್ದರು. ಬಾಗಿಲು ತೆರೆದದ್ದರಲ್ಲಿ ಹಟಕ್ಕಿಂತ ಗಲ್ಲಾಪೆಟ್ಟಿಗೆಯ ಕೈ ದೊಡ್ಡದು.

ನಿಜವಾದ ಜಗಳ ನಡೆದದ್ದು ಆಮೇಲೆ, ಅದರಲ್ಲಿ ಸ್ನೋಬೋರ್ಡಿನವರು ಸೋತರು. 1998ರ ನಾಗಾನೋ ಒಲಿಂಪಿಕ್ಸ್‌ಗೆ ಈ ಆಟ ಮೊದಲ ಸಲ ಸೇರಿತು. ಆಗ ಸ್ನೋಬೋರ್ಡಿನವರದ್ದೇ ಆದ ಅಂತರರಾಷ್ಟ್ರೀಯ ಒಕ್ಕೂಟ ಇತ್ತು, ಐಎಸ್‌ಎಫ್ ಅಂತ. ಒಲಿಂಪಿಕ್ ಸಮಿತಿ ಅದನ್ನು ಪಕ್ಕಕ್ಕಿಟ್ಟು ಅರ್ಹತೆ, ನಿಯಮ ಎಲ್ಲವನ್ನೂ ಸ್ಕೀ ಒಕ್ಕೂಟವಾದ ಎಫ್‌ಐಎಸ್ ಕೈಗೆ ಕೊಟ್ಟಿತು. ಇಷ್ಟು ದಿನ ಬಾಗಿಲು ಹಾಕಿಕೊಂಡಿದ್ದ ಮನೆಯವರ ಕೈಗೇ ಬಾಡಿಗೆದಾರನ ಮನೆಯ ಬೀಗದಕೈ ಕೊಟ್ಟ ಹಾಗೆ. ಆಗ ಜಗತ್ತಿನಲ್ಲೇ ಅತ್ಯುತ್ತಮ ಅಂತ ಬಹಳ ಜನ ಒಪ್ಪಿದ್ದ ಟೆರ್ಯೆ ಹಾಕನ್‌ಸನ್ ನಾಗಾನೋಗೆ ಹೋಗಲೇ ಇಲ್ಲ. ಐಎಸ್‌ಎಫ್ 2002ರಲ್ಲಿ ಮುಚ್ಚಿಹೋಯಿತು. ಆಟಗಾರರೇ ಕಟ್ಟಿಕೊಂಡ ಸಂಘಟನೆ ಮಣ್ಣಾದ ಕಥೆ ಇದು. ಇದಕ್ಕಿಂತ ದೊಡ್ಡ ದುರಂತ ಈ ಆಟದ ರಾಜಕೀಯದಲ್ಲಿ ಇಲ್ಲ.

ಇದು ಸಿನಿಮಾಗಳಲ್ಲಿ ಬಂದರೂ ಎಷ್ಟು ಹೊತ್ತು? ನಾಗಾನೋ ಅಂದ ಕೂಡಲೇ ಅವರಿಗೆ ನೆನಪಾಗುವುದು ಕೆನಡಾದ ರಾಸ್ ರೆಬಾಗ್ಲಿಯಾಟಿ. ಮೊದಲ ಚಿನ್ನ ಗೆದ್ದ, ಪರೀಕ್ಷೆಯಲ್ಲಿ ಗಾಂಜಾದ ಅಂಶ ಸಿಕ್ಕಿತು, ಪದಕ ಕಿತ್ತುಕೊಂಡರು, ನಿಷೇಧದ ಪಟ್ಟಿಯಲ್ಲೇ ಅದು ಇರಲಿಲ್ಲ ಅಂತ ವಾಪಸ್ ಕೊಟ್ಟರು. ನಗಲು ಒಳ್ಳೆಯ ಕಥೆ. ಗಾಂಜಾ ಕಥೆಯಲ್ಲಿ ಬಂಡಾಯದ ಗಮ್ಮತ್ತಿದೆ, ಯಾರ ಜೇಬಿಗೂ ತೊಂದರೆಯಿಲ್ಲ. ಒಕ್ಕೂಟದ ಕಥೆಯಲ್ಲಿ ನಿಜವಾದ ಬಂಡಾಯ ಇದೆ. ಆದರೆ ಆಟ ಯಾರದು, ಹಕ್ಕು ಯಾರದು, ದುಡ್ಡು ಯಾರಿಗೆ ಅನ್ನುವ ಪ್ರಶ್ನೆಗಳೂ ಇವೆ. ಯಾವುದನ್ನು ಉದ್ದ ಮಾಡುತ್ತಾರೆ, ಯಾವುದನ್ನು ತುಂಡು ಮಾಡುತ್ತಾರೆ, ನೀವೇ ಹೇಳಿ.

ಇನ್ನೂ ಒಂದು. ಬಾಗಿಲುಗಳೆಲ್ಲ ತೆರೆದವು ಅನ್ನುವುದೂ ಪೂರ್ತಿ ನಿಜವಲ್ಲ. ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್, ಈ ಮೂರೂ ಕಡೆ ಇವತ್ತಿಗೂ ಸ್ನೋಬೋರ್ಡಿಗೆ ಪ್ರವೇಶವಿಲ್ಲ. ಆಲ್ಟಾ ಇರುವುದು ಬಹುಪಾಲು ಸರ್ಕಾರಿ ಅರಣ್ಯ ಇಲಾಖೆಯ ಜಮೀನಿನಲ್ಲಿ. ಸಾರ್ವಜನಿಕ ಭೂಮಿಯಲ್ಲಿ ನಮಗೆ ಯಾಕೆ ಜಾಗವಿಲ್ಲ ಅಂತ 2014ರಲ್ಲಿ ಕೆಲವರು ಕೋರ್ಟಿಗೆ ಹೋದರು. 2016ರಲ್ಲಿ ಮೇಲ್ಮನವಿಯಲ್ಲೂ ಸೋತರು. ನಿಷೇಧ ರೆಸಾರ್ಟಿನ ಖಾಸಗಿ ನಿರ್ಧಾರ, ಸರ್ಕಾರದ ಕೆಲಸವಲ್ಲ ಎನ್ನುವುದು ತೀರ್ಪಿನ ಸಾರ. ಇನ್ನು ಬಾಗಿಲು ತೆರೆದ ಕಡೆಯ ಕಥೆ ಕೇಳಿ. ವೇಲ್‌ನಂಥ ದೊಡ್ಡ ರೆಸಾರ್ಟಿನಲ್ಲಿ ಸೀಸನ್ ಜೋರಿದ್ದಾಗ ಕೌಂಟರಿನಲ್ಲಿ ಕೊಂಡರೆ ಒಂದು ದಿನದ ಟಿಕೆಟ್ 300 ಡಾಲರ್ ದಾಟಿದೆ. ಗೆದ್ದ ಬಂಡಾಯದ ಪ್ರವೇಶ ದರ ಇದು.

ಮೈಮೇಲೆ ಬರೆದ ಲೆಕ್ಕ

ಈ ಸಿನಿಮಾಗಳಲ್ಲಿ ಹುಡುಗರು ಬೀಳುತ್ತಾರೆ. ಬಿದ್ದದ್ದಕ್ಕೂ ಸಂಗೀತ ಇರುತ್ತದೆ. ಎದ್ದು ನಗುತ್ತಾರೆ, ಹೆಬ್ಬೆರಳು ಎತ್ತುತ್ತಾರೆ. ಏಳದವರ ಕಥೆ?

ಹಾಫ್‌ಪೈಪ್ ಅಂತ ಒಂದು ಸ್ಪರ್ಧೆ ಇದೆ. ತೋಟದಲ್ಲಿ ನೀರು ಹರಿಸಲು ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆ ನೋಡಿದ್ದೀರಲ್ಲ, ಅದನ್ನೇ ಹಿಮದಲ್ಲಿ ದೈತ್ಯಾಕಾರಕ್ಕೆ ಮಾಡಿದರೆ ಹಾಫ್‌ಪೈಪ್. ಮೊದಲು 18 ಅಡಿ ಇದ್ದ ಗೋಡೆ 2010ರ ವ್ಯಾಂಕೂವರ್ ಒಲಿಂಪಿಕ್ಸ್ ಹೊತ್ತಿಗೆ 22 ಅಡಿ ಆಯಿತು. ಎರಡು ಮಹಡಿ ಮನೆಯಷ್ಟು. ಅದರ ಅಂಚಿನಿಂದ ಇನ್ನೂ ಮೇಲಕ್ಕೆ ಹಾರಿ, ಗಾಳಿಯಲ್ಲಿ ತಿರುಗಿ, ಮತ್ತೆ ಅದೇ ಗಟ್ಟಿ ಹಿಮದ ಗೋಡೆಗೆ ಇಳಿಯಬೇಕು. ಆ ಒಲಿಂಪಿಕ್ಸ್‌ಗೆ ತಯಾರಾಗಲು ರೆಡ್ ಬುಲ್ 2009ರಲ್ಲಿ ಕೊಲರಾಡೋದ ಸಿಲ್ವರ್ಟನ್‌ನಲ್ಲಿ ಶಾನ್ ವೈಟ್ ಒಬ್ಬನಿಗಾಗಿ ಖಾಸಗಿ ಹಾಫ್‌ಪೈಪ್ ಕಟ್ಟಿಸಿಕೊಟ್ಟಿತು. ಅಲ್ಲಿ ಆತ ಹೊಸ ಹೊಸ ತಿರುವು ಕಲಿತ. ಉಳಿದವರೂ ಅವನ್ನು ಕಲಿಯಲೇಬೇಕಾಯಿತು, ಇಲ್ಲದಿದ್ದರೆ ಸ್ಪರ್ಧೆಯಲ್ಲೇ ಇಲ್ಲ.

ಅವನಿಗೆ ಸರಿಸಮನಾಗಿ ನಿಂತಿದ್ದ ಹುಡುಗ ಕೆವಿನ್ ಪಿಯರ್ಸ್. 2009ರ ಡಿಸೆಂಬರ್ 31ರಂದು ಯೂಟಾದ ಪಾರ್ಕ್ ಸಿಟಿಯಲ್ಲಿ ಅಭ್ಯಾಸ ಮಾಡುವಾಗ ಬಿದ್ದ. ಮಿದುಳಿಗೆ ಭಾರೀ ಪೆಟ್ಟು. ಬದುಕಿದ, ಆದರೆ ಸ್ಪರ್ಧೆಯ ಬದುಕು ಅಲ್ಲಿಗೇ ಮುಗಿಯಿತು. ಎರಡು ವರ್ಷದ ಮೇಲೆ, 2012ರ ಜನವರಿಯಲ್ಲಿ, ಅದೇ ಊರಿನ ಅದೇ ಹಾಫ್‌ಪೈಪಿನಲ್ಲಿ ಕೆನಡಾದ ಸ್ಕೀ ಆಟಗಾರ್ತಿ ಸಾರಾ ಬರ್ಕ್ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಕೆ ಅಭ್ಯಾಸ ಮಾಡುತ್ತಿದ್ದದ್ದು ಮಾನ್‌ಸ್ಟರ್ ಎನರ್ಜಿ ಡ್ರಿಂಕ್ ಪ್ರಾಯೋಜಿಸಿದ್ದ ಖಾಸಗಿ ಕಾರ್ಯಕ್ರಮದಲ್ಲಿ. ಅಧಿಕೃತ ಸ್ಪರ್ಧೆ ಅಲ್ಲದ ಕಾರಣ ತಂಡದ ವಿಮೆ ಅದಕ್ಕೆ ಅನ್ವಯಿಸಲಿಲ್ಲ. ಆಸ್ಪತ್ರೆಯ ಖರ್ಚಿಗೆ ಜನರಿಂದ ಚಂದಾ ಎತ್ತಬೇಕಾಯಿತು. ಇನ್ನೊಮ್ಮೆ ಓದಿ. ಡಬ್ಬಿಯ ಲಾಂಛನ ಹೆಲ್ಮೆಟ್ಟಿನ ಮೇಲೆ, ಬಿಲ್ಲು ಮಾತ್ರ ಜನರ ಮೇಲೆ.

ಹೀಗಿರುವಾಗಲೂ ಒಂದು ಸಿನಿಮಾ ಬಂತು, ಅದಕ್ಕೆ ಕೈ ಮುಗಿಯಬೇಕು. ಲೂಸಿ ವಾಕರ್ ನಿರ್ದೇಶಿಸಿದ 'ದ ಕ್ರ್ಯಾಶ್ ರೀಲ್', 2013ರದ್ದು, ಪಿಯರ್ಸ್‌ನ ಬಗ್ಗೆ. ಅಲ್ಲಿ ಕ್ಯಾಮೆರಾ ಬೆಟ್ಟದ ಮೇಲಿಂದ ಇಳಿದು ಅಡುಗೆಮನೆಗೆ ಬರುತ್ತದೆ. ಚೇತರಿಸಿಕೊಳ್ಳುತ್ತಿರುವ ಹುಡುಗ ಮತ್ತೆ ಬೋರ್ಡ್ ಹತ್ತುತ್ತೇನೆ ಅನ್ನುತ್ತಾನೆ. ಮನೆಯವರೆಲ್ಲ ಮೇಜಿನ ಸುತ್ತ ಕೂತಿದ್ದಾರೆ. ಡೌನ್ ಸಿಂಡ್ರೋಮ್ ಇರುವ ಅವನ ಅಣ್ಣ ಡೇವಿಡ್, ಬೇಡ, ನೀನು ಸಾಯುವುದು ನನಗೆ ಬೇಡ ಅನ್ನುವ ಅರ್ಥದಲ್ಲಿ ಬೇಡಿಕೊಳ್ಳುತ್ತಾನೆ. ಸ್ಲೋ ಮೋಷನ್ ಇಲ್ಲ, ಹೆಲಿಕಾಪ್ಟರ್ ಇಲ್ಲ. ಸ್ನೋಬೋರ್ಡಿಂಗ್‌ನ ಸಂಸ್ಕೃತಿ ಅಂದರೆ ಏನು ಅಂತ ಹಿಂದಿನ ಮೂರೂ ಸಿನಿಮಾ ಸೇರಿ ಹೇಳದ್ದನ್ನು ಈ ಒಂದು ದೃಶ್ಯ ಹೇಳುತ್ತದೆ.

ಇನ್ನೊಬ್ಬನ ಹೆಸರೂ ಇಲ್ಲಿ ಹೇಳಲೇಬೇಕು. ಕ್ರೇಗ್ ಕೆಲಿ. ನಮ್ಮವನೇ ಅನ್ನಬಹುದು, ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದವನು. 1980ರ ದಶಕದ ಕೊನೆಯಲ್ಲಿ ಗೆಲ್ಲಬೇಕಾದ್ದನ್ನೆಲ್ಲ ಗೆದ್ದು, ಉತ್ತುಂಗದಲ್ಲಿದ್ದಾಗಲೇ ಸ್ಪರ್ಧೆ ಸಾಕು ಅಂತ ಬೆಟ್ಟದ ಕಡೆ ನಡೆದ. ಬೆಟ್ಟದ ಗೈಡ್ ಆಗಲು ತರಬೇತಿ ಪಡೆಯುತ್ತಿದ್ದ. 2003ರ ಜನವರಿ 20ರಂದು ಕೆನಡಾದ ರೆವೆಲ್‌ಸ್ಟೋಕ್ ಬಳಿ ಹಿಮಪಾತದಲ್ಲಿ ಸತ್ತ ಏಳು ಜನರಲ್ಲಿ ಆತನೂ ಒಬ್ಬ. 36 ವರ್ಷ. ಸಿನಿಮಾಗಳು ಅವನನ್ನು ಸಂತನನ್ನಾಗಿ ಮಾಡಿ ಆರತಿ ಎತ್ತುತ್ತವೆ. ಸ್ಪರ್ಧೆಯನ್ನು ಯಾಕೆ ಬಿಟ್ಟ ಅನ್ನುವುದನ್ನು ಮಾತ್ರ ಒಂದು ವೈರಾಗ್ಯದ ಮಾತಾಗಿ ತೇಲಿಸಿಬಿಡುತ್ತವೆ. ಸ್ಪರ್ಧೆ, ಪ್ರಾಯೋಜಕ, ಪದಕ ಇವಿಲ್ಲದೆಯೂ ಈ ಆಟ ಪೂರ್ಣ ಅನ್ನುವುದು ಅವನ ನಡೆಯ ಅರ್ಥ. ಅದನ್ನು ಪ್ರಾಯೋಜಕರ ಸಿನಿಮಾ ಹೇಗೆ ಬಿಡಿಸಿ ಹೇಳೀತು?

ಹೆಲಿಕಾಪ್ಟರಿನಿಂದ ಕಾಣದ್ದು

'ಆರ್ಟ್ ಆಫ್ ಫ್ಲೈಟ್' ನೋಡಿ ನಾನೂ ಬಾಯಿ ಬಿಟ್ಟಿದ್ದೇನೆ. ಅಲುಗಾಡದ ಹೆಲಿಕಾಪ್ಟರ್ ಕ್ಯಾಮೆರಾ, ಅಲಾಸ್ಕಾ, ಪಟಗೋನಿಯಾ... ಛಾಯಾಗ್ರಹಣಕ್ಕೆ ನೂರಕ್ಕೆ ನೂರು. ಆದರೆ ಅಷ್ಟು ಎತ್ತರದಿಂದ ಏನು ಕಾಣುತ್ತದೆ? ಬೆಳಗಿನ ನಾಲ್ಕಕ್ಕೆ ಎದ್ದು ದಾರಿ ಸಮ ಮಾಡುವ ಯಂತ್ರದ ಡ್ರೈವರ್ ಕಾಣುವುದಿಲ್ಲ. ಲಿಫ್ಟಿನ ಪಕ್ಕ ಚಳಿಯಲ್ಲಿ ನಿಂತು ಕುರ್ಚಿ ಹಿಡಿಯುವ ಸೀಸನ್ ಕೆಲಸಗಾರ ಕಾಣುವುದಿಲ್ಲ. ಬೆಟ್ಟದ ಬುಡದ ಊರಿನವರು ಕಾಣುವುದಿಲ್ಲ. ಹಿಮ ವರ್ಷದಿಂದ ವರ್ಷಕ್ಕೆ ಎಷ್ಟು ಹಿಂದೆ ಸರಿದಿದೆ ಅನ್ನುವುದಂತೂ ಕಾಣುವುದೇ ಇಲ್ಲ, ಯಾಕೆಂದರೆ ಹಿಮ ಇರುವ ಕಡೆಗೇ ಹೆಲಿಕಾಪ್ಟರ್ ಹಾರುತ್ತದೆ.

ಬೇರೆ ಥರ ಮಾಡಲು ಸಾಧ್ಯವಿಲ್ಲವೇ? ಸಾಧ್ಯ. ಜೆರೆಮಿ ಜೋನ್ಸ್ 2007ರಲ್ಲಿ ಹಿಮ ಉಳಿಸಲು 'ಪ್ರೊಟೆಕ್ಟ್ ಅವರ್ ವಿಂಟರ್ಸ್' ಎಂಬ ಸಂಸ್ಥೆ ಕಟ್ಟಿದ. ಆಮೇಲೆ ಹೆಲಿಕಾಪ್ಟರ್, ಲಿಫ್ಟು ಬಿಟ್ಟು ನಡೆದೇ ಹತ್ತಿ ಇಳಿಯುವ 'ಡೀಪರ್' ಎಂಬ ಚಿತ್ರ 2010ರಲ್ಲಿ ಬಂತು. ಅಲ್ಲಿ ಎರಡು ನಿಮಿಷದ ಇಳಿತಕ್ಕೆ ಇಡೀ ದಿನದ ಹತ್ತುವಿಕೆ ಕಾಣುತ್ತದೆ. ಬೆಟ್ಟಕ್ಕೆ ಅದರ ಭಾರ ವಾಪಸ್ ಬರುತ್ತದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸುಲಭ. 'ಫಸ್ಟ್ ಡಿಸೆಂಟ್'ನ ಮುಖ್ಯ ತಂಡದಲ್ಲಿ ಇದ್ದವಳು ಒಬ್ಬಳೇ, ಹ್ಯಾನಾ ಟೀಟರ್. ಆಕೆ ಮರುವರ್ಷವೇ, 2006ರಲ್ಲಿ, ಒಲಿಂಪಿಕ್ ಚಿನ್ನ ಗೆದ್ದಳು. 1998ರ ಮೊದಲ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ನಿಕೋಲಾ ಟೋಸ್ಟ್, ಫ್ರಾನ್ಸಿನ ಕರೀನ್ ರೂಬಿ ಚಿನ್ನ ಗೆದ್ದರು ಅಂತ ಗಾಂಜಾ ಕಥೆ ಬಾಯಿಪಾಠ ಮಾಡಿದ ನನ್ನ ಗೆಳೆಯರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಡೆಗೆ ಲಿಯಾನ್ ಪೆಲೋಸಿ ಮತ್ತು ಗೆಳತಿಯರು 2016ರಲ್ಲಿ 'ಫುಲ್ ಮೂನ್' ಅಂತ ತಮ್ಮದೇ ಚಿತ್ರ ಮಾಡಿಕೊಳ್ಳಬೇಕಾಯಿತು.

ಬರಬಹುದಾದ ಬೈಗುಳಗಳು

ಇದನ್ನು ಓದಿ ಕೆಲವರು ಕೇಳುತ್ತಾರೆ, ದುಡ್ಡು ಹಾಕುವವರಿಲ್ಲದೆ ಸಿನಿಮಾ ಆಗುತ್ತಾ ಅಂತ. ಆಗಲ್ಲ, ಒಪ್ಪಿದೆ. ಹೆಲಿಕಾಪ್ಟರಿಗೆ ಪೆಟ್ರೋಲು ಯಾರಾದರೂ ಹಾಕಬೇಕು. ಜಾಹೀರಾತನ್ನು ಜಾಹೀರಾತು ಅಂತಲೇ ತೋರಿಸಿದರೆ ನಾನು ಚಪ್ಪಾಳೆ ತಟ್ಟುತ್ತೇನೆ. ನನ್ನ ಜಗಳ ಇರುವುದು ಅದಕ್ಕೆ "ಇತಿಹಾಸ" ಅನ್ನುವ ಬೋರ್ಡು ತಗುಲಿಸುವುದರ ಬಗ್ಗೆ.

ಇನ್ನು ಕೆಲವರು, ಬೆಂಗಳೂರಿನ ಎಸಿ ಕೆಳಗೆ ಕೂತವನಿಗೆ ಹಿಮದ ವಿಷಯ ಯಾಕೆ ಅನ್ನುತ್ತಾರೆ. ಸರಿಯೇ, ನಾನು ಜಾರುವುದರ ಬಗ್ಗೆ ಒಂದಕ್ಷರವೂ ಬರೆದಿಲ್ಲ. ಬರೆದದ್ದು ಕಥೆ ಹೇಳುವವರ ಬಗ್ಗೆ. ಸಿನಿಮಾ ನೋಡುವವನಿಗೆ ಅಷ್ಟು ಹಕ್ಕು ಉಂಟು.

ಮೂರನೆಯದು ಸ್ವಲ್ಪ ಗಟ್ಟಿ ಪ್ರಶ್ನೆ. ಆ ಆಟಗಾರರೇ ಖುಷಿಯಾಗಿ ಈ ಸಿನಿಮಾಗಳಲ್ಲಿ ಇದ್ದಾರಲ್ಲ, ಹಾಕನ್‌ಸನ್ ಕೂಡ ಮೌಂಟನ್ ಡ್ಯೂ ಸಿನಿಮಾದಲ್ಲಿ ಇದ್ದಾನಲ್ಲ? ಇದ್ದಾನೆ. ಒಲಿಂಪಿಕ್ಸ್‌ಗೆ ಬರಲ್ಲ ಅಂದವನಿಗೂ ಬೆಟ್ಟ ಹತ್ತಲು ಹಣ ಬೇಕು. ಸಂಘಟನೆ ಮುಚ್ಚಿದ ಮೇಲೆ ಆಟಗಾರರ ಪಾಲಿಗೆ ಉಳಿದ ದೊಡ್ಡ ಚೀಲ ಈ ಕಂಪನಿಗಳದ್ದೇ. ಅದು ಆಟಗಾರರ ತಪ್ಪಲ್ಲ. ಆ ಗತಿ ಹೇಗೆ ಬಂತು ಅಂತ ಹೇಳುವುದೇ ಇತಿಹಾಸದ ಕೆಲಸ. ಆ ಕೆಲಸ ಮಾಡದ ಸಿನಿಮಾ ಎಷ್ಟೇ ಸುಂದರವಾಗಿರಲಿ, ಅದು ಕ್ಯಾಲೆಂಡರಿನ ಚಿತ್ರ.

ನನಗೆ ಬೇಕಾದ ಡಾಕ್ಯುಮೆಂಟರಿ ಏನು ದೊಡ್ಡದಲ್ಲ. ಐಎಸ್‌ಎಫ್ ಯಾಕೆ ಮುಳುಗಿತು ಅಂತ ಅದರಲ್ಲಿದ್ದವರನ್ನು ಕೂರಿಸಿ ಕೇಳಲಿ. ಪೆಟ್ರಾನ್ ಹಳ್ಳಿಯ ಅಜ್ಜನೊಬ್ಬನಿಗೆ ಸೋಜಿಗದ ಪ್ರಾಣಿಯ ಹಾಗಲ್ಲದೆ, ಕಸುಬು ಬಲ್ಲವನ ಹಾಗೆ ಮಾತಾಡಲು ಬಿಡಲಿ. 22 ಅಡಿಯ ಗೋಡೆ ಬೇಕು ಅಂತ ತೀರ್ಮಾನ ಮಾಡಿದ್ದು ಯಾರು, ಬಿದ್ದವರ ಬಿಲ್ಲು ಕಟ್ಟಿದ್ದು ಯಾರು ಅಂತ ಕಾಗದ ಪತ್ರ ಹಿಡಿದು ತೋರಿಸಲಿ. ಇಷ್ಟಕ್ಕೆ ಹೆಲಿಕಾಪ್ಟರ್ ಬೇಡ. ಒಂದು ಕ್ಯಾಮೆರಾ, ಒಂದು ಮೈಕು, ಒಂದಿಷ್ಟು ಧೈರ್ಯ ಸಾಕು. ಧೈರ್ಯಕ್ಕೇನು ಬರ, ಅವರ ಪ್ರತಿ ಟ್ರೇಲರಿನಲ್ಲೂ ಅದೇ ತುಂಬಿದೆಯಲ್ಲ!

ಅಲ್ಲಿಯ ತನಕ ಗುಲ್ಮಾರ್ಗಿಗೆ ಹೊರಟ ಗೆಳೆಯರಿಗೆ ನಾನು ಕೊಡುವ ಲಿಂಕು 'ಕ್ರ್ಯಾಶ್ ರೀಲ್'ನದ್ದು ಮಾತ್ರ. ನೋಡಿದ ಮೇಲೂ ಹೋಗುತ್ತೇನೆ ಅಂದರೆ ಸಂತೋಷ, ಹೋಗಿ ಬನ್ನಿ. ಹೆಲ್ಮೆಟ್ ಹಾಕಿಕೊಳ್ಳಿ, ವಿಮೆಯ ಕಾಗದದಲ್ಲಿ ಸಣ್ಣಕ್ಷರದ ಸಾಲುಗಳನ್ನು ಓದಿ.

ನೀವು ಈ ಸಾಲಿನ ಬೇರೆ ಯಾವುದಾದರೂ ಡಾಕ್ಯುಮೆಂಟರಿ ನೋಡಿದ್ದರೆ, ಸ್ನೋಬೋರ್ಡಿನದ್ದೇ ಆಗಬೇಕಿಲ್ಲ, ಸರ್ಫಿಂಗ್, ಬೆಟ್ಟ ಹತ್ತುವುದು ಯಾವುದಾದರೂ ಸರಿ, ಅದರಲ್ಲಿ ದುಡ್ಡು ಕೊಟ್ಟವರ ಮುಲಾಜಿಲ್ಲದೆ ಮಾತಾಡಿದವರು ಇದ್ದರೆ ದಯವಿಟ್ಟು ಹೆಸರು ಬರೆಯಿರಿ. ಜಗಳಕ್ಕೂ ಸ್ವಾಗತ.